ಮಷೀನು ಒಪ್ಪಿದ ಮುಖ

ಸಕ್ಕರೆ ಕಾರ್ಖಾನೆಯ ಗೇಟಿಗೆ ಹಾಜರಿಯ ಹೊಸ ಮಷೀನು ಬಂದ ಮೇಲೆ ಮಾಯಪ್ಪನಿಗೆ ದಿನಾ ಬೆಳಗ್ಗೆ ಅದರದೇ ಕಾಟ. ‘ದಯವಿಟ್ಟು ಕಣ್ಣು ತೆರೆದು ನೋಡಿ’ ಅನ್ನುತ್ತಿತ್ತು ಅದು, ಹೆಣ್ಣು ದನಿಯಲ್ಲಿ, ಅಕ್ಕರೆಯಿಂದ. ಮಾಯಪ್ಪ ಕರಿ ಕನ್ನಡಕ ತೆಗೆದು ಮುಖ ಎತ್ತಿ ನಿಲ್ಲುತ್ತಿದ್ದ. ತೆರೆಯಲಿಕ್ಕೆ ಕಣ್ಣೆಲ್ಲಿವೆ? ಇದೇ ಕಾರ್ಖಾನೆಯೊಳಗೆ, ಕಬ್ಬಿನ ಹಾಲಿಗೆ ಸುಣ್ಣ ಕೂಡಿಸುವ ಕಡೆ, ಪೈಪು ಒಡೆದು ಸುಣ್ಣದ ನೀರು ಮುಖಕ್ಕೆ ಹೊಡೆದಾಗಲೇ ರೆಪ್ಪೆಗಳು ಬೆಂದು ಅಂಟಿಕೊಂಡಿದ್ದವು. ಮಷೀನಿಗೆ ತುಂಬಿದ್ದು ಕಂಪನಿಯ ಕಡತದಲ್ಲಿದ್ದ ಹಳೆಯ ಫೋಟೋ; ಅದನ್ನೆಲ್ಲ ಅದಕ್ಕೆ ಯಾರು ಹೇಳಬೇಕು? ಅದು ಮತ್ತೊಮ್ಮೆ ಅಕ್ಕರೆಯಿಂದ ಕೇಳಿ, ಕೊನೆಗೆ ‘ಮುಖ ಸಿಗಲಿಲ್ಲ’ ಎಂದು ಸುಮ್ಮನಾಗುತ್ತಿತ್ತು.

“ಸರೀಪಾ ಬಾಜೂಕ, ಪಾಳಿ ನಿಂತೈತಿ ಹಿಂದ” ಎಂದು ಯಾರಾದರೂ ಅವನ ತೋಳು ಹಿಡಿದು ದಬ್ಬುತ್ತಿದ್ದರು.

ಒಳಗೆ ಹೋಗಿ ಕಬ್ಬಿನ ವಿಭಾಗದ ಫೋನಿನ ಮುಂದೆ ಕೂತು, ನಾಗನೂರಿನ, ಧುಪದಾಳದ ರೈತರಿಗೆ ಕಬ್ಬು ಕಡಿಯುವ ಸರದಿ ಹೇಳಿ ಹೇಳಿ ಗಂಟಲು ಹರಿದುಕೊಂಡರೂ ಕಂಪನಿಯ ಲೆಕ್ಕದಲ್ಲಿ ಅವನು ಗೈರು. ಹೀಗೇ ನಡೆದರೆ ಕೆಲಸ ಹೋಗುತ್ತದೆ. ಮಾಯಪ್ಪ ಮ್ಯಾನೇಜರ್ ಅಣ್ಣಾಸಾಹೇಬನ ಮುಂದೆ ಹೋಗಿ ನಿಂತ.

“ಸಾಹೇಬ್ರ, ದಿನಾ ಬರಾಕತ್ತೇನ್ರಿ ನಾ. ಮಷೀನ ನನ್ನ ಒಪ್ಪವಲ್ದು.”

“ಮಷೀನ ಸುಳ್ಳ ಹೇಳ್ತೈತೇನೋ? ತಕರಾರ ಇದ್ರ ಆ್ಯಪಿನ್ಯಾಗ ಹಾಕು. ಬಾಯಿಲೆ ಹೇಳಿದ್ದ ನಡಿಯೂದಿಲ್ಲ ಈಗ.”

ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಫೋನು ಮಾಯಪ್ಪನ ಹತ್ತಿರವಿತ್ತು. ಬ್ಯಾಂಕಿನ ಆ್ಯಪನ್ನು ಅದು ಓದುತ್ತಿತ್ತು, ಮಗಳ ಶಾಲೆಯದನ್ನೂ ಓದುತ್ತಿತ್ತು. ಕಂಪನಿಯದನ್ನು ತೆರೆದರೆ ಮಾತ್ರ ‘ಬಟನ್, ಬಟನ್, ಬಟನ್’. ಮಾಡಿದವರು ಒಂದಕ್ಕೂ ಹೆಸರಿಟ್ಟಿರಲಿಲ್ಲ. ಯಾವುದು ತಕರಾರಿನದು, ಯಾವುದು ರಾಜೀನಾಮೆಯದು, ಯಾರಿಗೆ ಗೊತ್ತು? ಮಾಯಪ್ಪ ಹೆದರಿ ಯಾವುದನ್ನೂ ಒತ್ತಲಿಲ್ಲ.

ಅದೇ ಹೊತ್ತಿಗೆ ಹೆಡ್ ಆಫೀಸಿನಿಂದ ರಾಧಿಕಾ ಮೇಡಂ ಕಾರಿಳಿದರು. ಕಂಪನಿಯ ಎಲ್ಲ ಕಾರ್ಖಾನೆಗಳಲ್ಲೂ ‘ಎಲ್ಲರಿಗೂ ಆ್ಯಪ್’ ಎಂಬ ಜಾಗೃತಿ ಸಪ್ತಾಹವಂತೆ. ಅಂಗವಿಕಲರಿಗೂ ಕಂಪ್ಯೂಟರು, ಫೋನು ಎಟುಕಬೇಕೆಂದು ಸಾಹೇಬರಿಗೆಲ್ಲ ತಿಳಿಸಿ ಹೇಳುವುದಂತೆ. ಅದಕ್ಕೊಂದು ಜಾಥಾ, ಒಂದು ಭಾಷಣ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಡಿಗೆ ಒಡೆಯುವ ಆಟ. ಮೇಡಂಗೆ ಒಬ್ಬ ಕುರುಡ ಬೇಕಾಗಿದ್ದ. ಕಂಪನಿ ಮೊದಲೇ ಒಬ್ಬನನ್ನು ತಯಾರು ಮಾಡಿಟ್ಟಿತ್ತು.

“ಮಾಯಪ್ಪ ಅವರೇ, ಜಾಥಾದ ಬೋರ್ಡುಗಳ ಮೇಲೆಲ್ಲ ನಿಮ್ಮದೇ ಫೋಟೋ. ಆಕ್ಸಿಡೆಂಟಿಗೆ ಮುಂಚಿನದು ಹಾಕಿಸಿದ್ದೀನಿ. ಈಗಿನದು ಹಾಕಿದ್ರೆ ಜನ ಮುಖ ತಿರುಗಿಸ್ತಾರೆ.”

“ಆಗಲ್ರಿ ಮೇಡಂ. ನನ್ನ ಹಾಜರಿದ ಒಂದ್ ಮಾತ ಇತ್ರಿ.”

“ಅದು ನನ್ನ ವಿಭಾಗ ಅಲ್ಲಪ್ಪ. ನನ್ನದು ಜಾಗೃತಿ ಅಷ್ಟೇ.”

ಕೋಲಿಗೆ ಬಡಿದ ರಟ್ಟಿನ ಬೋರ್ಡುಗಳು ಬಂದು ಗೇಟಿನ ಖೋಲಿಯಲ್ಲಿ ಬಿದ್ದವು. ಅಲ್ಲಿ ಕಾವಲಿಗಿದ್ದವನು ಶೆಟ್ಟೆಪ್ಪ, ಘೋಡಗೇರಿಯಲ್ಲಿ ಮಾಯಪ್ಪನ ಬಾಜೂ ಮನೆಯವ. ಅವನ ಬೈಕಿನ ಹಿಂದೆ ಕೂತೇ ಮಾಯಪ್ಪ ದಿನಾ ಬರುತ್ತಿದ್ದ. ಮರುದಿನ ಮಷೀನು ಎಂದಿನಂತೆ ‘ಮುಖ ಸಿಗಲಿಲ್ಲ’ ಎಂದಾಗ ಶೆಟ್ಟೆಪ್ಪನಿಗೆ ತಲೆ ಕೆಟ್ಟಿತು. “ತಡಿ ಇದರೌನ” ಎಂದವನೇ ಒಂದು ಬೋರ್ಡು ಎಳೆದು ಮಷೀನಿನ ಮೂತಿಗೆ ಹಿಡಿದ.

‘ಮಾಯಪ್ಪ, ನಿಮ್ಮ ಹಾಜರಿ ದಾಖಲಾಗಿದೆ. ಶುಭ ದಿನ.’

ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಲೇ ಮಾಯಾ, ರಟ್ಟಿನ ಮಾಯಪ್ಪ ನಿನ್ನಕಿಂತ ಚಲೋ ಅದಾನಲೇ. ಇನ್ನ ಪಗಾರಾನೂ ಅವಂಗ” ಅಂದ ಶೆಟ್ಟೆಪ್ಪ.

“ಕೊಡ್ಲೇಳು, ಊಟಾ ಮಾಡಾಂವ ನಾನ ಅಲ್ಲನ” ಎಂದು ಮಾಯಪ್ಪನೂ ನಕ್ಕ. ಅಂದಿನಿಂದ ಅದೇ ಪದ್ಧತಿಯಾಯಿತು. ರಟ್ಟು ಹಾಜರಾಗುವುದು, ಮನುಷ್ಯ ಹಿಂದಿನಿಂದ ಒಳಗೆ ಹೋಗುವುದು.

ಸಪ್ತಾಹದ ಕೊನೆಯ ದಿನ ಬೆಳಗ್ಗೆ ಇಬ್ಬರಿಗೂ ಅಣ್ಣಾಸಾಹೇಬನ ಕರೆ ಬಂತು. ಗೇಟಿನ ಕ್ಯಾಮೆರಾ ಎಲ್ಲವನ್ನೂ ನೋಡಿತ್ತು.

“ರಟ್ಟ ತೋರಿಸಿ ಹಾಜರಿ ಹಾಕ್ತೀರಿ. ಇದಕ ಮೋಸ ಅಂತಾರ. ಶೆಟ್ಟೆಪ್ಪಾ, ಯಾರ ಹೇಳಿದ್ರು ನಿನಗ?”

ಶೆಟ್ಟೆಪ್ಪನ ಬೂಟು ನೆಲಕ್ಕೆ ಉಜ್ಜಿದ್ದು ಮಾಯಪ್ಪನಿಗೆ ಕೇಳಿತು. ಆಮೇಲೆ ದನಿ.

“ಇಂವನ ಅಂದಾನ್ರಿ. ಹಿಡಿ ಅಂದಾ, ಹಿಡದ್ನ್ರಿ.”

ಮಾಯಪ್ಪ ಆ ದನಿಯ ಕಡೆ ಮುಖ ತಿರುಗಿಸಿದ. ಅಣ್ಣಾಸಾಹೇಬ ಅವನ ಹೆಬ್ಬೆಟ್ಟು ಹಿಡಿದು ಮಸಿಗೆ ಅದ್ದಿ ಒಂದು ಕಾಗದಕ್ಕೆ ಒತ್ತಿಸಿದ.

“ಏನ ಬರದೈತ್ರಿ ಇದ್ರಾಗ?”

“ತಪ್ಪಾತು ಅಂತ. ಮಧ್ಯಾಹ್ನ ಸ್ಟೇಜಿನ ಮ್ಯಾಲ ಚಂದಂಗ ಮಾತಾಡು. ಮೇಡಂ ಖುಷಿ ಆದ್ರ ನೋಡೂಣು.”

ಆ ‘ನೋಡೂಣು’ ಒಂದನ್ನೇ ಹಿಡಿದುಕೊಂಡು ಮಾಯಪ್ಪ ಸ್ಟೇಜು ಹತ್ತಿದ. ಮೇಡಂ ಬಾಯಿಪಾಠ ಮಾಡಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. “ಕಂಪನಿ ನನ್ನ ಕೈ ಬಿಡ್ಲಿಲ್ರಿ. ಕಂಪನೀನ ನನಗ ಕಣ್ಣು” ಅಂದ, ಕಣ್ಣು ತಿಂದ ಜಾಗದಿಂದ ಒಂದು ಕೂಗಳತೆಯಲ್ಲಿ ನಿಂತು. ಚಪ್ಪಾಳೆ ಬಿತ್ತು, ಹೆಗಲಿಗೆ ಶಾಲು ಬಿತ್ತು. ಮೇಡಂ ಮೂಗು ಸುರ್ ಅಂದದ್ದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಅಣ್ಣಾಸಾಹೇಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಡಿಗೆ ಒಡೆದ. ಬಟ್ಟೆಯ ಸಂದಿನಿಂದ ಇಣುಕುತ್ತಿದ್ದಾನೆಂದು ಜನ ಸೀಟಿ ಹೊಡೆದರು.

ಮರುದಿನ ಶೆಟ್ಟೆಪ್ಪನ ಬೈಕು ಮನೆ ಮುಂದೆ ನಿಲ್ಲಲಿಲ್ಲ. ಮಾಯಪ್ಪ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಗೇಟಿಗೆ ಬಂದ.

“ಬೋರ್ಡ ಹಿಡಿಯೋ ಶೆಟ್ಟೆಪ್ಪ.”

ಶೆಟ್ಟೆಪ್ಪ ಹಿಡಿದ. ‘ಕ್ಷಮಿಸಿ, ನೀವು ನಮ್ಮ ಸಿಬ್ಬಂದಿ ಅಲ್ಲ’ ಎಂದಿತು ಮಷೀನು, ಅದೇ ಅಕ್ಕರೆಯಲ್ಲಿ.

“ನಿನ್ನಿ ಸಂಜೀಕ ನಿನ್ನ ಹೆಸರ ತಗದಾರ್ಪಾ, ಆ ಹೆಬ್ಬೆಟ್ಟಿನ ಕಾಗದದ ಮ್ಯಾಲ” ಅಂದ ಶೆಟ್ಟೆಪ್ಪ. “ನಂಗೂ ಮಕ್ಳದಾವೋ ಮಾಯಾ.”

“ನನ್ನವೇನ ರಟ್ಟಿನ್ವೇನ?”

ಮಾಯಪ್ಪ ಕೈಚಾಚಿ ಬೋರ್ಡನ್ನು ತಡವಿದ. ನುಣುಪು ಕಾಗದ, ಬೇರೇನೂ ಕೈಗೆ ಹತ್ತಲಿಲ್ಲ.

“ಇದ್ರಾಗ ನನ್ನ ಕಣ್ಣ ತೆರದಾವೇನ?”

“ತೆರದಾವು.”

“ಎತ್ತಾಗ ನೋಡಾಕತ್ತಾವ?”

“ನನ್ನ ಕಡೇನ.”

“ನೋಡ್ಲಿ. ಖೋಲಿ ಮುಂದ ಜಡಿ ಅದನ್ನ. ದಿನಾ ನೋಡ್ಲಿ.”

ಜಡಿಯದೆ ಶೆಟ್ಟೆಪ್ಪನಿಗೆ ಗತಿಯೂ ಇರಲಿಲ್ಲ. ಬೋರ್ಡುಗಳು ವರ್ಷವಿಡೀ ಗೇಟಿನ ಬಳಿ ಇರಬೇಕೆಂದು ಮೇಡಂ ಹೇಳಿ ಹೋಗಿದ್ದರು. ಮಾಯಪ್ಪ ಕೋಲು ಕುಟ್ಟುತ್ತ ಟ್ರ್ಯಾಕ್ಟರುಗಳ ಸಾಲಿನ ಬಾಜೂ ಹಿಡಿದು ಹೊರಟ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸುತ್ತಿಗೆಯ ಪೆಟ್ಟು ಕೇಳತೊಡಗಿತು.