ಮೊದಲನೆಯ ಪ್ರಶ್ನೆ

ಜಕರಿಯ ಉಪದೇಶಿಗಳ ಅಂಗಾಲಿನಲ್ಲಿ ಆಣಿ. ವೇಣೂರಿನಲ್ಲಿ ಬಸ್ಸಿಳಿದರೆ ಪೂವಮ್ಮನ ಮನೆಗೆ ಒಂದೂವರೆ ಮೈಲು ಏರು. ಇಪ್ಪತ್ತೆಂಟು ವರ್ಷ ಸಂತೆಯಿಂದ ಸಂತೆಗೆ ನಡೆದು ಸುವಾರ್ತೆ ಸಾರಿದ ಆ ಕಾಲುಗಳಿಗೆ, ಐವತ್ತೆಂಟನೇ ಇಸವಿಯ ಆ ಮಾರ್ಚ್ ಬಿಸಿಲಿನಲ್ಲಿ, ಸ್ವರ್ಗ ಬೇಡ, ಕೂರಲು ಒಂದು ಬೆಂಚು ಸಿಕ್ಕಿದರೆ ಸಾಕಿತ್ತು.

ಹೋಗದೆ ನಿರ್ವಾಹವಿರಲಿಲ್ಲ. ಮರುದಿನ ಭಾನುವಾರ, ಮೂಡಬಿದ್ರೆಯಿಂದ ಪಾದ್ರಿ ಅಯ್ಯನವರು ಸಭೆಗೆ ಬಂದು ಕರ್ತನ ಭೋಜನ ನಡೆಸುವವರಿದ್ದರು. ಮೂರು ವರ್ಷದಿಂದ ಆ ರೊಟ್ಟಿ, ದ್ರಾಕ್ಷಾರಸ ಪೂವಮ್ಮನಿಗಿಲ್ಲ. ಅವಳು ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದಳು. ಮತ್ತೆ ಸೇರಬೇಕಾದರೆ ಸಭೆಯೆದುರು ನಿಂತು ಎರಡು ಪ್ರಶ್ನೆಗಳಿಗೆ ಹೌದೆನ್ನಬೇಕು. ಪಶ್ಚಾತ್ತಾಪ ಪಡುತ್ತೀಯಾ? ನಂಬುತ್ತೀಯಾ? ಈ ಸಲವೂ ಆಗದಿದ್ದರೆ ಅವಳ ಹೆಸರನ್ನೇ ಸಭೆಯ ಪಟ್ಟಿಯಿಂದ ತೆಗೆಯುವುದೆಂದು ಹಿರಿಯರು ತೀರ್ಮಾನಿಸಿಬಿಟ್ಟಿದ್ದರು.

ಅವಳ ತಪ್ಪು ಒಂದು ಕೋಳಿ. ಮಗಳು ಕುಸುಮ ವಿಷಮಜ್ವರದಲ್ಲಿ ಮಲಗಿದಾಗ ಗುಡ್ಡದ ದೈವಕ್ಕೆ ಹರಕೆ ಹೇಳಿ ಒಪ್ಪಿಸಿದ್ದಳು. ಕುಸುಮ ಎದ್ದಳು. ಅದೇ ತಿಂಗಳು ಅದೇ ಜ್ವರ ಉಪದೇಶಿಗಳ ಮಗಳು ಕರುಣಳಿಗೂ ಬಂದಿತ್ತು. ಅವರು ಮೊಣಕಾಲೂರಿ ಪ್ರಾರ್ಥಿಸಿದರು, ಬೇರೆಲ್ಲಿಗೂ ಹೋಗಲಿಲ್ಲ. ಹದಿನೇಳನೆಯ ದಿನ ಕರುಣ ತೀರಿಕೊಂಡಳು. ಅದಾಗಿ ಎರಡು ವಾರಕ್ಕೆ ಕೋಳಿಯ ಸುದ್ದಿಯನ್ನು ಅಯ್ಯನವರಿಗೆ ಮುಟ್ಟಿಸಿದವರು ಉಪದೇಶಿಗಳೇ.

ಪೂವಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಕುಸುಮ ನೀರು ಬೆಲ್ಲ ತಂದಿಟ್ಟಳು. ಅವಳಿಗೀಗ ಹನ್ನೆರಡು. ಉಪದೇಶಿಗಳು ಬೆಲ್ಲವನ್ನಷ್ಟೇ ನೋಡಿದರು.

"ನೀನು ಮಡಂತ್ಯಾರಿನಲ್ಲಿ ನಿಂತಿದ್ದೀ ಅಂತ ಇಟ್ಟುಕೋ," ಎಂದು ಶುರುಮಾಡಿದರು. "ಮುಖ ಬಂಟ್ವಾಳಕ್ಕೆ. ಹೋಗಬೇಕಾದ್ದು ಬೆಳ್ತಂಗಡಿಗೆ. ಏನು ಮಾಡ್ತೀ? ತಿರುಗ್ತೀ. ಬಂಟ್ವಾಳಕ್ಕೆ ಬೆನ್ನು ಹಾಕಿದ್ದು ಪಶ್ಚಾತ್ತಾಪ, ಬೆಳ್ತಂಗಡಿಗೆ ಮುಖ ಮಾಡಿದ್ದು ನಂಬಿಕೆ. ತಿರುಗುದು ಒಂದೇ ಸಲ."

ಸಂತೆ ಸಂತೆಯಲ್ಲೂ ಅವರು ಹೇಳುತ್ತಿದ್ದ ದೃಷ್ಟಾಂತ ಇದು. ಬಂಟ್ವಾಳದ ಸಂತೆಯಲ್ಲಿ ಮಾತ್ರ ಊರುಗಳನ್ನು ಅದಲುಬದಲು ಮಾಡುತ್ತಿದ್ದರು, ಇಲ್ಲದಿದ್ದರೆ ಅಲ್ಲಿಯವರು ಬಿಡಬೇಕಲ್ಲ. ಹೇಳಿ ಹೇಳಿ ಅವರಿಗೇ ಆ ಮಾತು ಸಪ್ಪೆಯಾಗಿತ್ತು.

"ಎರಡನೇದಕ್ಕೆ ಈಗಲೇ ಹೌದು ಹೇಳ್ತೇನೆ ಉಪದೇಶಿಗಳೇ," ಎಂದಳು ಪೂವಮ್ಮ. "ಮೊದಲನೇದು ಆಗುದಿಲ್ಲ. ಕೋಳಿ ಕೊಟ್ಟದ್ದು ತಪ್ಪೇ ಇರಬಹುದು. ಆದ್ರೆ ಮಗು ಬದುಕಿದ್ದಕ್ಕೆ ನನಗೆ ದುಃಖ ಇಲ್ಲ. ಇಲ್ಲದ ದುಃಖವನ್ನು ದೇವರ ಎದುರು ಉಂಟು ಅಂತ ಹೇಳುದು ಹೇಗೆ?"

"ಬಾಯಲ್ಲಿ ಹೌದು ಅಂದ್ರೆ ಮುಗೀತು ಮಾರಾಯ್ತಿ."

"ನೀವಾ ಹೀಗೆ ಹೇಳುದು?"

ಉಪದೇಶಿಗಳು ಕೊಡೆ ಎತ್ತಿಕೊಂಡು ಇಳಿದರು. ಅರ್ಧ ದಾರಿಯಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತರು. ತಮ್ಮ ಬಾಯಿಂದ ಇಂಥ ಮಾತು ಬಂದದ್ದಕ್ಕೆ ನಾಚಿಕೆಯಾಯಿತು. ಆದರೆ ಅದಕ್ಕಿಂತ ಹಳೆಯ ನಾಚಿಕೆಯೊಂದು ಮೂರು ವರ್ಷದಿಂದ ಒಳಗೆ ಕೂತಿತ್ತು. ಅಯ್ಯನವರಲ್ಲಿಗೆ ಅವರು ಓಡಿದ್ದು ಪೂವಮ್ಮನ ಆತ್ಮದ ಚಿಂತೆಯಿಂದಲ್ಲ. ಅವಳ ಮಗಳು ಬದುಕಿದ್ದಳು, ಇವರ ಹೊಟ್ಟೆ ಉರಿದಿತ್ತು. ಅಷ್ಟೇ.

ಕೆಳಗೆ ಅವರು ಹಿಡಿಯಬೇಕಿದ್ದ ಮೂಡಬಿದ್ರೆ ಬಸ್ಸಿನ ಹಾರನ್ ಕೇಳಿಸಿತು. ಇನ್ನೊಂದು ಬಸ್ಸು ಸಂಜೆಗೇ. ಉಪದೇಶಿಗಳು ಎದ್ದರು, ಕಾಲನ್ನು ಬೈದುಕೊಂಡರು, ಮತ್ತೆ ಏರು ಹತ್ತಿದರು.

"ಬಸ್ಸು ತಪ್ಪಿತಾ?" ಎಂದಳು ಪೂವಮ್ಮ.

"ನಾನೇ ಬಿಟ್ಟೆ." ಅವರು ನಿಂತೇ ಇದ್ದರು. "ನಿನ್ನ ಮೇಲೆ ದೂರು ಹೇಳಿದ್ದು ದೇವರಿಗಾಗಿ ಅಲ್ಲ ಪೂವಮ್ಮ. ನಿನ್ನ ಕುಸುಮ ಉಳಿದಳಲ್ಲ, ಅದನ್ನು ನೋಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ತಪ್ಪಾಯ್ತು. ನಾಳೆ ಸಭೆಯಲ್ಲಿಯೂ ಹೇಳ್ತೇನೆ."

ಪೂವಮ್ಮ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

"ಕರುಣ ಹೋದ ದಿನ ನಾನು ನಿಮ್ಮ ಮನೆಗೆ ಬರ್ಲಿಲ್ಲ," ಎಂದಳು. "ಸಭೆಯವರೆಲ್ಲ ಬಂದಿದ್ರು. ಇವರದ್ದು ಹೋಯಿತು, ನನ್ನದು ಉಳಿಯಿತು ಅಂತ ನನಗೆ ಒಳಗೊಳಗೇ ಒಂದು ಸಮಾಧಾನ. ಆ ಮುಖ ಹೊತ್ತು ಹೇಗೆ ಬರುದು? ಆ ದುಃಖ ಉಂಟು, ಉಪದೇಶಿಗಳೇ. ಮೊದಲನೇ ಪ್ರಶ್ನೆಗೆ ಅದನ್ನು ಹೇಳಿದ್ರೆ ಆದೀತಾ?"

"ಆದೀತು," ಎಂದರು ಉಪದೇಶಿಗಳು. ಜಗಲಿಯ ಅಂಚಿಗೆ ಕುಸಿದು ಕೂತರು. "ನನಗೆ ಎರಡನೇದೇ ಕಷ್ಟ. ನಂಬ್ತೇನೆ ಅಂತ ಸಂತೆಯಲ್ಲಿ ಹೇಳ್ತೇನೆ. ಮನೆಗೆ ಹೋದ್ರೆ ಬಾಯಿ ಬರುದಿಲ್ಲ."

ಒಳಗಿಂದ ಕುಸುಮ ಮತ್ತೆ ನೀರು ತಂದಳು. ಈ ಸಲ ಅವರು ಅವಳ ಮುಖ ನೋಡಿದರು.

ಪೂವಮ್ಮ ಬೀಡಿಯ ಗೆರಸೆಯನ್ನು ಬದಿಗೆ ಸರಿಸಿ ಅವರಿಗೆ ಕಾಲು ಚಾಚಲು ಜಾಗ ಮಾಡಿದಳು. "ನಾಳೆ ನನ್ನ ಹತ್ತಿರವೇ ನಿಂತ್ಕೊಳ್ಳಿ," ಎಂದಳು. "ಎರಡನೇದನ್ನು ನಾನು ಸ್ವಲ್ಪ ಗಟ್ಟಿಯಾಗಿ ಹೇಳ್ತೇನೆ."