ಪಟ್ಟಣದ ಎದುರು ಲಂಗರು

"ಇಸಿದೊರೊಸ್ ಆಟ ನಿಲ್ಲಿಸಿದ್ದಾರೆ" ಎಂಬ ಸಾಲು ಪರದೆಯ ಮೇಲೆ ಮೂಡಿದಾಗ ಅರ್ಗಿರೊಗೆ ನಗು ಬಂತು. ಮುದುಕನಿಗೆ ವಾಸನೆ ಹತ್ತಿದೆ ಅಂದುಕೊಂಡಳು. ಕೀಲಿ ಒತ್ತಿ ಆಟವನ್ನು ಮತ್ತೆ ಹರಿಯಬಿಟ್ಟಳು. ಚಕ್ರವರ್ತಿಯ ರಾಜ್ಯದಲ್ಲಿ ದಿನಗಳು ಮತ್ತೆ ಉರುಳತೊಡಗಿದವು.

'ಕಿರಾ ಲುಕಿಯಾ' ಹಡಗು ಪಟ್ಟಣದ ಎದುರು ಲಂಗರು ಹಾಕಿ ನಿಂತು ಮೂರು ದಿನವಾಗಿತ್ತು. ಕಪ್ಪು ಸಮುದ್ರಕ್ಕೆ ಹೋಗುವ ಜಲಸಂಧಿಯೊಳಗೆ ಸರದಿ ಸಿಗಬೇಕು, ಸಿಕ್ಕಿರಲಿಲ್ಲ. ನಕ್ಷೆಯಲ್ಲಿ ಆ ಊರಿನ ಹೆಸರು ಇಸ್ತಾಂಬುಲ್. ಆದರೆ ಹಡಗಿನಲ್ಲಿದ್ದ ಗ್ರೀಸಿನ ಕಿಯೋಸ್ ದ್ವೀಪದ ಮೂವರೂ ತಮ್ಮ ಅಜ್ಜಿಯರು ಹೇಳುತ್ತಿದ್ದಂತೆ ಬರೀ 'ಪಟ್ಟಣ' ಎನ್ನುತ್ತಿದ್ದರು. ಕ್ಯಾಪ್ಟನ್ ಇಸಿದೊರೊಸ್, ಮುಖ್ಯ ಎಂಜಿನಿಯರ್ ಝಾನ್ನಿಸ್, ಎರಡನೇ ಅಧಿಕಾರಿ ಅರ್ಗಿರೊ. ಈ ಮೂವರೂ ಸಾಂತೋಸ್ ಬಂದರು ಬಿಟ್ಟಾಗಿನಿಂದ ಹಡಗಿನ ಒಳಜಾಲದಲ್ಲಿ ಒಂದೇ ಆಟ ಆಡುತ್ತ ಬಂದಿದ್ದರು. ಒಂದು ಸಾಮ್ರಾಜ್ಯ, ಮೂರು ಮನೆತನ. ಕ್ಯಾಪ್ಟನ್ ಚಕ್ರವರ್ತಿ. ತನ್ನ ವಂಶಕ್ಕೆ ಸ್ವಂತ ಮನೆಹೆಸರನ್ನೇ ಇಟ್ಟು, ಹುಟ್ಟಿದ ಯುವರಾಜರಿಗೆಲ್ಲ ತನ್ನ ಅಣ್ಣತಮ್ಮಂದಿರ, ಮಕ್ಕಳ ಹೆಸರಿಡುತ್ತಿದ್ದ. ಝಾನ್ನಿಸ್ ಪಶ್ಚಿಮದ ಸೇನಾಪತಿ. ಅರ್ಗಿರೊ ಪೂರ್ವದ ಟ್ರೆಬಿಜಾಂಡಿನಲ್ಲಿ ಲೆಯೊಂತಾ ಎಂಬ ವಿಧವೆಯಾಗಿ ಆಳುತ್ತಿದ್ದಳು. ವರ್ಷವರ್ಷವೂ ಕಪ್ಪ ಕಳಿಸುತ್ತ, ತಲೆ ತಗ್ಗಿಸುತ್ತ, ಅರಮನೆಯ ಕಾವಲಿನವರನ್ನು ಒಬ್ಬೊಬ್ಬರಾಗಿ ಒಲಿಸಿಕೊಳ್ಳುತ್ತಿದ್ದಳು.

ಇವತ್ತು ಸಂಚು ಹಣ್ಣಾಗಿತ್ತು. ಧರ್ಮಗುರು ಇವಳ ಕಡೆ. ಝಾನ್ನಿಸನ ಸೈನ್ಯ ಕೋಟೆಯ ಹೊರಗೆ, ಚಕ್ರವರ್ತಿಯ ಜನ್ಮದಿನಕ್ಕೆ ಗೌರವ ಸಲ್ಲಿಸಲು ಎಂಬ ನೆಪದಲ್ಲಿ ಬಂದು ಕೂತಿತ್ತು.

ಊಟದ ಹೊತ್ತಿಗೆ ಝಾನ್ನಿಸ್ ಕೆಳಗಿನ ಎಂಜಿನ್ ಕೊಠಡಿಯಿಂದ ಫೋನ್ ಮಾಡಿದ್ದ. "ಇವತ್ತು ಬೇಡ ಕಣೇ ಹುಡುಗಿ. ಗ್ರಿಗೊರಿಸ್ ಹೆಂಡತಿ ಹೆರಿಗೆಗೆ ಅಂತ ಮುಂದಿನ ಬಂದರು ಕಾನ್ಸ್ಟಾಂಟ್ಸಾದಲ್ಲಿ ಇಳೀತಾನೆ. ಅವನ ಜಾಗಕ್ಕೆ ಯಾರು ಅಂತ ಕಚೇರಿಗೆ ಹೇಳೋನು ಈ ಮುದುಕನೇ. ಆ ಮಾತು ಅವನ ಬಾಯಿಂದ ಉದುರೋವರೆಗೂ ಚಕ್ರವರ್ತಿಯಾಗೇ ಇರ್ಲಿ ಬಿಡು."

"ಆಟ ಬೇರೆ, ಕೆಲಸ ಬೇರೆ."

"ನಿಂಗೆ ಬೇರೆ. ಅವನಿಗೆ? ಹೋದ ಸಲ ಆ ಪಿರೇಯಸ್ ಹುಡುಗ ಆಟದಲ್ಲಿ ಸೈಪ್ರಸ್ ಕಿತ್ಕೊಂಡಾಗ ಏನಾಯ್ತು? ಹತ್ತು ದಿನ ಬೇಳೆ ಸಾರು. ಇಡೀ ಹಡಗಿಗೆ!"

"ಹೆದರಿಕೆಯಾದ್ರೆ ಸೈನ್ಯ ವಾಪಸ್ ಕರ್ಕೋ, ಝಾನ್ನಿಸ್ ಮಾವ."

"ಹೆದರಿಕೆ ನಂಗಾ? ನನ್ ಮೂವತ್ತು ಸಾವಿರ ಜನ ಅಲ್ಲಿ ಚಳೀಲಿ ಕೂತಿದಾರೆ. ಬೇಗ ಮುಗಿಸು."

ಅರ್ಗಿರೊಗೆ ಮೂವತ್ತೊಂದು. ಗ್ರಿಗೊರಿಸ್‌ನಂತೆ ಮುಖ್ಯ ಅಧಿಕಾರಿಯಾಗಲು ಬೇಕಾದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಎರಡು ವರ್ಷವಾಗಿತ್ತು. ಪ್ರತಿ ಸಲವೂ ಯಾರೋ ಒಬ್ಬ ಗಂಡಸು ಒಳಗೆ ನುಗ್ಗುತ್ತಿದ್ದ. ಇಸಿದೊರೊಸ್ ಮಾತ್ರ ಅವಳಿಗೆ ಇಲ್ಲ ಎಂದಿರಲಿಲ್ಲ. ಹೌದು ಎಂದೂ ಹೇಳಿರಲಿಲ್ಲ.

ಮಧ್ಯಾಹ್ನದ ಕಾವಲು ಅವಳದು. ಚಾಲನಾ ಕೊಠಡಿಯಲ್ಲಿ ಅವಳೊಬ್ಬಳೇ. ನಕ್ಷೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಇದು ಕ್ಯಾಪ್ಟನ್‌ಗೆ ತಿಳಿಯದ ವಿಷಯವೇನಲ್ಲ. "ಲಂಗರು ಹಾಕಿದ ಹಡಗು ಎಲ್ಲಿಗೆ ಓಡಿ ಹೋಗುತ್ತೆ?" ಎಂದು ಅವನೇ ಮೊದಲ ದಿನ ನಕ್ಕಿದ್ದ. ಬೆಳಿಗ್ಗೆಯಿಂದ ಗಾಳಿ ದಿಕ್ಕು ಬದಲಿಸಿತ್ತು. ತೆಂಕಣ ಪಡುವಣದಿಂದ ಬರುವ ಲೋದೋಸ್, ಬೆಚ್ಚಗಿನ, ತಲೆ ಭಾರ ಮಾಡುವ ಗಾಳಿ. ಹಡಗು ಸರಪಳಿಯ ತುದಿಯಲ್ಲಿ ಮೆಲ್ಲಗೆ ಹೊರಳಿ ಗಾಳಿಗೆ ಮುಖ ಕೊಟ್ಟು ನಿಂತಿತ್ತು. ಈಗ ಪಟ್ಟಣವೂ, ನಡುವೆ ನಿಂತಿದ್ದ ಒಂದು ಸಣ್ಣ ತುರ್ಕಿ ಸರಕು ಹಡಗೂ ಅವಳ ಬೆನ್ನ ಹಿಂದೆ. ಹಡಗು ಜಾಗ ಬಿಟ್ಟು ಸರಿದರೆ ಹೊಡೆಯುವ ಲಂಗರಿನ ಎಚ್ಚರಿಕೆ ಗಂಟೆ ಆ ಹೊರಳಾಟಕ್ಕೇ ಸುಮ್ಮಸುಮ್ಮನೆ ಕಿರುಚುತ್ತಿತ್ತು. ಊಟವಾದ ಮೇಲೆ ಹೊಸದಾಗಿ ಅಳತೆ ಕೊಟ್ಟರಾಯಿತೆಂದು ಅವಳು ಅದರ ಬಾಯಿ ಮುಚ್ಚಿಸಿದ್ದಳು. ಊಟವಾದ ಮೇಲೆ ಸಂಚು ಹಣ್ಣಾಯಿತು.

ಪರದೆಯ ಮೇಲೆ ಮತ್ತೆ ಅದೇ ಸಾಲು. ಇಸಿದೊರೊಸ್ ಆಟ ನಿಲ್ಲಿಸಿದ್ದಾರೆ.

"ಓಡಿ ಹೋಗಕ್ಕೆ ಬಿಡಲ್ಲ, ಮುದುಕಪ್ಪ" ಎಂದು ಗೊಣಗಿ ಅವಳು ಮತ್ತೆ ಬಿಟ್ಟಳು. ಕಾವಲಿನವರು ಅರಮನೆಯ ಒಳಬಾಗಿಲು ತೆರೆಯುವ ದಿನಕ್ಕೆ ಇನ್ನು ಒಂದು ವಾರವೂ ಇರಲಿಲ್ಲ. ಆಟದ ಒಂದು ವಾರ ಅಂದರೆ ಒಂದು ಗುಟುಕು ಕಾಫಿ.

ಮೂರನೇ ಸಲ ಆಟ ನಿಂತಿತು. ಅವಳು ಮೂರನೇ ಸಲ ಬಿಟ್ಟಳು. ಅಷ್ಟರಲ್ಲಿ ಫೋನ್ ರಿಂಗಾಯಿತು.

"ಅರ್ಗಿರೊ, ಲಂಗರು ಹೇಗಿದೆ?" ಕ್ಯಾಪ್ಟನ್‌ನ ದನಿ.

ಅವಳ ಕಣ್ಣು ಪರದೆಯ ಮೇಲಿತ್ತು. "ಗಟ್ಟಿಯಾಗಿದೆ ಕ್ಯಾಪ್ಟನ್."

"ನೋಡಿದ್ಯಾ?"

"ಈಗ ತಾನೇ ನೋಡ್ದೆ."

"ನನ್ ಕಾಲಿಗೆ ಬೇರೆ ಏನೋ ಅನ್ನಿಸ್ತಿದೆ" ಎಂದು ಅವನು ಫೋನ್ ಇಟ್ಟ.

ಆಗ ಅವಳಿಗೂ ಅನ್ನಿಸಿತು. ನೆಲದಡಿಯಿಂದ, ತುಂಬ ದೂರದಿಂದ, ಯಾರೋ ಕಲ್ಲುಗಳ ಮೇಲೆ ಕಬ್ಬಿಣದ ಮಂಚ ಎಳೆದಂತೆ ಒಂದು ನಡುಕ. ನಿಂತಿತು. ಮತ್ತೆ ಬಂತು. ಅವಳು ತಿರುಗಿ ಹಿಂದಿನ ಕಿಟಕಿಯಲ್ಲಿ ನೋಡಿದಳು. ಬೆಳಿಗ್ಗೆ ಬೆಂಕಿಪೊಟ್ಟಣದಷ್ಟಿದ್ದ ತುರ್ಕಿ ಹಡಗು ಕಿಟಕಿಯ ಅರ್ಧ ತುಂಬಿಕೊಂಡಿತ್ತು. ಅದರ ಮೂತಿಯ ಮೇಲೆ ಕೆಂಪು ಬನಿಯನ್ ಹಾಕಿದ ಒಬ್ಬ ಎರಡೂ ಕೈ ಬೀಸುತ್ತಿದ್ದ. ಅದರಾಚೆ ಹಳೇ ಕೋಟೆಗೋಡೆ, ಗುಮ್ಮಟಗಳು, ದಡದ ರಸ್ತೆಯಲ್ಲಿ ಓಡುವ ಕಾರುಗಳು.

ಅವಳ ಕೈ ತಾನಾಗಿ ಗುಂಡಿಗಳ ಕಡೆ ಹೋಯಿತು. ಮೊದಲು ಇಡೀ ಹಡಗಿಗೆ ಎಚ್ಚರಿಕೆಯ ಗಂಟೆ. ಆಮೇಲೆ ಎಂಜಿನ್ ಕೊಠಡಿ.

"ಮುಗೀತಾ? ಒಳಗೆ ನುಗ್ಗಲಾ?" ಎಂದ ಝಾನ್ನಿಸ್.

"ಲಂಗರು ಜಾರ್ತಿದೆ. ಎಂಜಿನ್ ಬೇಕು."

"ತಮಾಷೆ ಮಾಡ್ಬೇಡ್ವೇ..."

"ಮಾವ, ಎಂಜಿನ್!"

"ತಾಯಿ ಮರಿಯಾ! ಹತ್ತು ನಿಮಿಷ."

"ಅಷ್ಟು ಇಲ್ಲ."

ಕ್ಯಾಪ್ಟನ್ ಬರಿಗಾಲಲ್ಲಿ ಮೇಲೆ ಬಂದ. ಅಂಗಿಯ ಗುಂಡಿ ಹಾಕಿರಲಿಲ್ಲ. ಹಿಂದಿನ ಕಿಟಕಿಯತ್ತ ಒಂದೇ ಒಂದು ನೋಟ ಹಾಯಿಸಿ ರೇಡಿಯೋ ಕೈಗೆತ್ತಿಕೊಂಡ. ಅವಳನ್ನು ನೋಡಲಿಲ್ಲ.

"ಗ್ರಿಗೊರಿಸ್, ಮುಂದಕ್ಕೆ ಹೋದ್ಯಾ?"

"ಹೋಗ್ತಿದೀನಿ, ರೊಡೆಲ್ ಜೊತೆಗಿದಾನೆ" ಎಂದು ಮುಖ್ಯ ಅಧಿಕಾರಿ ಓಡುತ್ತಲೇ ಕೂಗಿದ. ರೊಡೆಲ್ ಎಂದರೆ ಹಡಗಿನ ಮೇಸ್ತ್ರಿ.

"ಸರಪಳಿ ಬಿಡು. ಇನ್ನೂ ಬಿಡು. ಎರಡನೇ ಲಂಗರು ಸಿದ್ಧ ಮಾಡ್ಕೋ, ನಾನು ಹೇಳಿದ ತಕ್ಷಣ." ಆಮೇಲೆ ಅರ್ಗಿರೊಗೆ, ಅದೇ ದನಿಯಲ್ಲಿ, "ದೂರ ಹೇಳು."

ಅವಳು ದೂರ ಹೇಳುತ್ತ ಹೋದಳು. ಪ್ರತಿ ಸಲವೂ ಅಂಕಿ ಚಿಕ್ಕದಾಗುತ್ತಿತ್ತು. ಸಂಚಾರ ನಿಯಂತ್ರಣದವರು ರೇಡಿಯೋದಲ್ಲಿ ಹಡಗಿನ ಹೆಸರು ಹಿಡಿದು ಕರೆಯುತ್ತಿದ್ದರು. ಅವಳು ಒಂದು ಕೈಯಲ್ಲಿ ಮೈಕು ಹಿಡಿದು ಅವರಿಗೆ ಉತ್ತರ ಕೊಟ್ಟಳು, ಕಣ್ಣು ಅಂಕಿಯಿಂದ ತೆಗೆಯಲಿಲ್ಲ. ಸರಪಳಿ ಹರಿಯುವ ಸದ್ದು ಹಡಗಿನ ಉದ್ದಕ್ಕೂ ಬಂತು. ತುರ್ಕಿ ಹಡಗಿನಲ್ಲಿ ಈಗ ಐದಾರು ಜನ. ಹಳೇ ಟೈರುಗಳನ್ನು ಹಗ್ಗಕ್ಕೆ ಕಟ್ಟಿ ಮೂತಿಯಿಂದ ಇಳಿಬಿಡುತ್ತಿದ್ದರು. ಅವರ ಬೈಗುಳ ಗಾಳಿಗೆದುರಾಗಿ ಇಲ್ಲಿಗೂ ಕೇಳಿಸುತ್ತಿತ್ತು.

"ಬಿಡು!" ಎಂದ ಕ್ಯಾಪ್ಟನ್. ಎರಡನೇ ಲಂಗರು ನೀರಿಗೆ ಬಿತ್ತು.

ಹಡಗು ನಿಲ್ಲಲಿಲ್ಲ. ಒಂದು ಕ್ಷಣ ತಡೆದು, ಮತ್ತೆ ಜಾರಿತು. ಅರ್ಗಿರೊಗೆ ಕಿಟಕಿಯಲ್ಲಿ ಕೆಂಪು ಬನಿಯನ್‌ನವನ ಮೀಸೆ ಕಾಣುತ್ತಿತ್ತು.

ಆಗ ಕಾಲಡಿಯಲ್ಲಿ ಬೇರೆ ಬಗೆಯ ನಡುಕ. ಫೋನಿನಲ್ಲಿ ಝಾನ್ನಿಸ್ ಏದುಸಿರು ಬಿಡುತ್ತ, "ತಗೊಳ್ಳಿ, ತಗೊಳ್ಳಿ. ತಣ್ಣಗಿದೆ, ನಿಧಾನ, ನನ್ ಎಂಜಿನ್ ಒಡೀಬೇಡಿ" ಎಂದ. ಕ್ಯಾಪ್ಟನ್ ಹಿಡಿಯನ್ನು ಮುಂದಕ್ಕೆ ದೂಡಿದ. ಅಂಕಿ ನಿಂತಿತು. ಅವಳು ಅದನ್ನೇ ಎರಡು ಸಲ ಹೇಳಿದಳು. ಮೂರನೇ ಸಲ ಹೇಳಿದಾಗ ಅದು ಒಂದು ಮೀಟರು ದೊಡ್ಡದಾಗಿತ್ತು.

ಎರಡೂ ಲಂಗರು ಎತ್ತಿ, ಆಚೆಗೆ ಹೋಗಿ, ಹೊಸ ಜಾಗದಲ್ಲಿ ನಿಲ್ಲುವ ಹೊತ್ತಿಗೆ ಸೂರ್ಯ ಇಳಿದಿದ್ದ. ಕ್ಯಾಪ್ಟನ್ ಎಲ್ಲರನ್ನೂ ಊಟದ ಕೋಣೆಗೆ ಕರೆದ. ಝಾನ್ನಿಸ್ ಮೈಯೆಲ್ಲ ಎಣ್ಣೆ ಮಾಡಿಕೊಂಡು ಬಂದು ಕೂತ. ಗ್ರಿಗೊರಿಸ್ ಬಾಗಿಲಿಗೆ ಒರಗಿ ನಿಂತ.

"ಲಂಗರಿನ ಗಂಟೆ ಯಾಕೆ ಹೊಡೀಲಿಲ್ಲ?" ಎಂದ ಕ್ಯಾಪ್ಟನ್.

ಝಾನ್ನಿಸ್ ಬಾಯಿ ಹಾಕಿದ. "ಆ ಯಂತ್ರದ ಕಥೆ ನಿಂಗೆ ಗೊತ್ತೇ ಇದೆಯಲ್ಲ ಇಸಿದೊರೆ. ಅದು ಕೆಟ್ಟಿದೆ ಅಂತ ನಾನೇ ಹೋದ ತಿಂಗಳು..."

"ಕೆಟ್ಟಿಲ್ಲ" ಎಂದಳು ಅರ್ಗಿರೊ. "ನಾನೇ ಬಾಯಿ ಮುಚ್ಚಿಸಿದ್ದೆ. ನೀವು ಫೋನ್ ಮಾಡಿದಾಗ ನೋಡಿರ್ಲೂ ಇಲ್ಲ. ಸುಳ್ಳು ಹೇಳ್ದೆ."

ಝಾನ್ನಿಸ್ ತಲೆ ಮೇಲೆ ಕೈ ಹೊತ್ತ.

"ಏನ್ ಮಾಡ್ತಿದ್ದೆ?"

"ನಿಮ್ಮನ್ನ ಇಳಿಸ್ತಿದ್ದೆ."

"ಒಬ್ಬಳೇ?"

ಕ್ಯಾಪ್ಟನ್ ಝಾನ್ನಿಸನ ಕಡೆ ತಿರುಗಿದ. ಅವನು ಉಗುರಿನ ಎಣ್ಣೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಜನ್ಮದಿನದ ಗೌರವ ಅಂದ್ಯಲ್ಲೋ ನಾಯಿ."

"ಗೌರವ ಇತ್ತು..." ಎಂದ ಝಾನ್ನಿಸ್ ಮೆಲ್ಲಗೆ.

ಗ್ರಿಗೊರಿಸ್‌ಗೆ ನಗು ತಡೆಯಲಾಗಲಿಲ್ಲ. ಆದರೆ ಕ್ಯಾಪ್ಟನ್ ನಗದಿದ್ದುದನ್ನು ನೋಡಿ ಕೆಮ್ಮಿದ. ಅಡುಗೆಯವನು ತಂದಿಟ್ಟ ಕಾಫಿ ಆರಿತು.

"ಲ್ಯಾಪ್‌ಟಾಪ್ ತಗೊಂಡು ಬಾ" ಎಂದ ಕ್ಯಾಪ್ಟನ್.

ಅವಳು ತಂದಳು. ಕಿತ್ತು ಸಮುದ್ರಕ್ಕೆ ಎಸೆಯುತ್ತಾನೇನೋ ಎಂದು ಅವಳಿಗೆ ಅನ್ನಿಸಿತ್ತು. ಅವನು ಮೇಜಿನ ಮೇಲಿಟ್ಟು ಮುಚ್ಚಳ ತೆರೆದ. ಮೂವರೂ ಬಗ್ಗಿದರು. ಆಟ ನಿಂತಿರಲಿಲ್ಲ. ಅವಳು ಮೂರನೇ ಸಲ ಬಿಟ್ಟದ್ದು ಬಿಟ್ಟಂತೆಯೇ ಯಾರೂ ಇಲ್ಲದೆ ಓಡುತ್ತಲೇ ಇತ್ತು. ಒಂದು ತಲೆಮಾರು ಕಳೆದಿತ್ತು.

ಅರಮನೆಯ ಬಾಗಿಲು ಸರಿಯಾದ ದಿನವೇ ತೆರೆದಿತ್ತು. ಇಳಿಸಿದ ಚಕ್ರವರ್ತಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ಬಂದು, ಉತ್ತರ ಕೊಡುವವರಿಲ್ಲದೆ, ಆಟ ತಾನೇ ಮೊದಲ ಉತ್ತರ ಆರಿಸಿಕೊಂಡಿತ್ತು. ಮೂರನೆಯ ಇಸಿದೊರೊಸ್‌ನ ಕಣ್ಣು ಕೀಳಿಸಿ ದ್ವೀಪದ ಮಠವೊಂದಕ್ಕೆ ಕಳಿಸಿದ್ದರು. ಲೆಯೊಂತಾ ಒಂಬತ್ತು ವರ್ಷ ಮಹಾರಾಣಿಯಾಗಿದ್ದು, ಸಿಡುಬು ಬಂದು ಸತ್ತಿದ್ದಳು. ಸಿಂಹಾಸನದ ಮೇಲೆ ಯಾರಿಗೂ ಪರಿಚಯವಿಲ್ಲದ ಒಂದು ಮಗು ಕೂತಿತ್ತು. ಪೂರ್ವದ ಅರ್ಧ ರಾಜ್ಯ ಹೋಗಿತ್ತು.

"ನನ್ ಕಣ್ಣು ಕೀಳಿಸಿದ್ದೀಯ" ಎಂದ ಕ್ಯಾಪ್ಟನ್.

"ನಾನಲ್ಲ. ಆಗ ನಾನಲ್ಲಿ ಇರ್ಲಿಲ್ಲ."

"ಹೌದು. ಯಾರೂ ಇರ್ಲಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ಆ ದಿನದಲ್ಲಿ ಮೊದಲ ಸಲ. ಅವನ ಮುಂದೆ ಒರೆಸಿಕೊಳ್ಳಬಾರದೆಂದು ಹಾಗೇ ಬಿಟ್ಟಳು.

"ಹಳೇ ಆಟ ಉಳಿಸಿಟ್ಟಿರ್ತೀನಿ, ಮಧ್ಯಾಹ್ನದಿಂದ ಮತ್ತೆ ಶುರು ಮಾಡೋಣ" ಎಂದ ಝಾನ್ನಿಸ್.

"ಬೇಡ." ಕ್ಯಾಪ್ಟನ್ ಪರದೆಯ ಮೇಲಿನ ಕುರುಡನನ್ನು ನೋಡುತ್ತಿದ್ದ. ಎಂಬತ್ತೆರಡು ವರ್ಷ, ಇನ್ನೂ ಜೀವ ಹಿಡಿದಿದ್ದ. "ಆದದ್ದು ಆಯ್ತು." ಅವನು ಆಟ ನಿಲ್ಲಿಸಿದ. "ಕಾವಲು ನಿಂದು ಅಂತ ಗೊತ್ತಿದ್ದೂ ನಾನು ಆಡ್ತಿದ್ದೆ. ಕಚೇರಿಗೆ ಅದನ್ನೂ ಹೇಳ್ತೀನಿ. ಇನ್ಮೇಲೆ ಲಂಗರಿನ ಮೇಲಿದ್ದಾಗ ಆಟ ಇಲ್ಲ. ಗ್ರಿಗೊರಿಸ್ ಜಾಗಕ್ಕೆ ಬೇರೆ ಯಾರನ್ನಾದ್ರೂ ಕಾನ್ಸ್ಟಾಂಟ್ಸಾಕ್ಕೆ ಕಳಿಸಿ ಅಂತೀನಿ."

"ಸರಿ" ಎಂದಳು.

"ನನ್ ಮೇಲೆ ಸಿಟ್ಟು ಬಂತಾ?"

"ಬಂತು."

"ಬರ್ಲಿ." ಅವನು ಎದ್ದು, ಆಗ ತಾನೇ ತನ್ನ ಬರಿಗಾಲುಗಳನ್ನು ಕಂಡವನಂತೆ ಅವನ್ನೇ ನೋಡಿದ. "ನಾಳೆ ಬೆಳಿಗ್ಗೆ ಸರದಿ ಸಿಕ್ಕಿದೆ. ಮುಂದಕ್ಕೆ ನೀನು ಹೋಗು."

ಗ್ರಿಗೊರಿಸ್ ತಲೆಯೆತ್ತಿದ. ಲಂಗರು ಎತ್ತುವಾಗ ಮೂತಿಯ ಮೇಲೆ ನಿಲ್ಲುವುದು ಮುಖ್ಯ ಅಧಿಕಾರಿ, ಅವನೇ. "ಮತ್ತೆ ನಾನು?"

"ನೀನು ಮಲಕ್ಕೋ. ಮಗು ಹುಟ್ಟಿದ ಮೇಲೆ ನಿದ್ದೆ ಸಿಗಲ್ಲ."

ಬೆಳಿಗ್ಗೆ ಗಾಳಿ ಬಿದ್ದಿತ್ತು. ನೀರು ಎಣ್ಣೆಯಂತೆ ಮಲಗಿತ್ತು. ಅರ್ಗಿರೊ ಹೆಲ್ಮೆಟ್ ಕಟ್ಟಿಕೊಂಡು ಮೂತಿಯ ತುದಿಯಲ್ಲಿ ಬಗ್ಗಿ ನಿಂತಳು. ಪಕ್ಕದಲ್ಲಿ ರೊಡೆಲ್ ಕೊಳವೆ ಹಿಡಿದು, ಮೇಲೆ ಬರುತ್ತಿದ್ದ ಸರಪಳಿಗೆ ನೀರು ಹೊಡೆಯುತ್ತಿದ್ದ. ಒಂದೊಂದು ಕೊಂಡಿಯೂ ಬೂದು ಕೆಸರು ಮೆತ್ತಿಕೊಂಡು ಬರುತ್ತಿತ್ತು, ತೊಳೆದುಕೊಂಡು ಒಳಗೆ ಹೋಗುತ್ತಿತ್ತು. ಕೊನೆಗೆ ನೀರಿನಡಿಯಲ್ಲಿ ದೊಡ್ಡದೊಂದು ನೆರಳು ಕಾಣಿಸಿತು. ಲಂಗರು ಮೇಲೆದ್ದು ಬಂತು. ಅದರ ಒಂದು ಕೊಕ್ಕೆಗೆ ಯಾರದೋ ನೀಲಿ ಮೀನುಬಲೆ ಸುತ್ತಿಕೊಂಡಿತ್ತು. ಬಲೆಯೊಳಗೆ ಬೆರಳುದ್ದದ ಎರಡು ಮೀನು ಇನ್ನೂ ಒದ್ದಾಡುತ್ತಿದ್ದವು. ರೊಡೆಲ್ ಉದ್ದ ಕೋಲಿನ ಚಾಕು ತಂದು ಅವಳ ಕೈಗೆ ಕೊಟ್ಟ.