ನೇರ ಹೋಗು

"ಸಿಂಹ ಇನ್ನೂ ಎಷ್ಟು ದೂರ?" ಎಂದು ತೆಕ್ಲಾ ಮತ್ತೆ ಕೇಳುವ ಹೊತ್ತಿಗೆ ವೆನಿಸ್ಸಿನ ಬ್ರಾಗೋರಾ ಚೌಕದಲ್ಲಿ ಮಂಜು ಇಗರ್ಜಿಯ ಬಾಗಿಲ ತನಕ ಇಳಿದಿತ್ತು. ಎದುರು ಸಾಲಿನ ಮನೆಗಳಿಗೆ ಮೇಲಂತಸ್ತೇ ಇರಲಿಲ್ಲ.

"ಇಲ್ಲೇ, ಬಾ" ಎಂದ ಅಲ್ವಿಸೆ. ಮಗಳಿಗೆ ತೋರಿಸಬೇಕೆಂದುಕೊಂಡ ಒಂದೊಂದನ್ನೂ ಬೆಳಗಿನಿಂದ ಮಂಜು ನುಂಗುತ್ತ ಬಂದಿತ್ತು. ಸಂತ ಮಾರ್ಕನ ಗಂಟೆಗೋಪುರ ಅರ್ಧಕ್ಕೇ ಮುಗಿದಿತ್ತು. ದೊಡ್ಡ ಕಾಲುವೆ ಬರೀ ಸದ್ದಾಗಿತ್ತು. ಉಳಿದದ್ದು ಹಳೆಯ ಹಡಗುಕಟ್ಟೆಯ ಹೆಬ್ಬಾಗಿಲಲ್ಲಿರುವ ಕಲ್ಲಿನ ಸಿಂಹಗಳು. ಅವನ್ನು ಮುಟ್ಟಿಯಾದರೂ ನೋಡಬಹುದು.

ಹೆಂಡತಿ ಲೊರೆಡಾನಾ ಅವನನ್ನು ಬಿಟ್ಟು ಮಗಳ ಜೊತೆ ಒಳನಾಡಿನ ಪಾದುವಾ ಊರಿಗೆ ಹೋದ ಮೇಲೆ ಮಗು ಅವನೊಬ್ಬನ ಕೈಗೆ ಸಿಕ್ಕಿದ್ದು ಇದೇ ಮೊದಲು. ವೆನಿಸ್ ನಿಲ್ದಾಣದಲ್ಲಿ ಮಗಳನ್ನು ಒಪ್ಪಿಸುವಾಗ ಲೊರೆಡಾನಾ, ಇವತ್ತು ಸರಿಹೋದರೆ ಪ್ರತಿ ಶನಿವಾರ ಕಳಿಸುವುದಾಗಿಯೂ, ಇಲ್ಲವಾದರೆ ಇನ್ನು ವಕೀಲರ ಮೂಲಕವೇ ಮಾತು ಎಂದೂ ಹೇಳಿದ್ದಳು. ಅಲ್ವಿಸೆ ತಲೆಯಾಡಿಸಿದ್ದ.

ಚೌಕದ ಮೂಲೆಯ ವೈನ್ ಅಂಗಡಿಯ ಬಾಗಿಲಲ್ಲಿ ಬೇಪಿ ನಿಂತಿದ್ದ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಒಂದೇ ಪ್ರಯಾಣಿಕರ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸ ಮಾಡಿದವರು.

"ಏನೋ ಅಲ್ವಿಸೆ, ನಾಯಿಮರಿ ಹಿಡ್ಕೊಂಡಂಗೆ ಮಗಳನ್ನ ಹಿಡ್ಕೊಂಡು ತಿರುಗ್ತಿದ್ದೀಯ? ಇವಳ ವಯಸ್ಸಲ್ಲಿ ನಾವು ಇಡೀ ಊರು ಅಲೀತಿರಲಿಲ್ವ? ಪಾದುವಾದವಳನ್ನ ಮಾಡಿಬಿಟ್ಯಲ್ಲೋ."

ತೆಕ್ಲಾಳ ಮುಖ ಕೆಂಪೇರಿತು. ತಾನೊಬ್ಬಳೇ ಹೋಗುತ್ತೇನೆಂದು ಅವಳು ಕೈ ಬಿಡಿಸಿಕೊಂಡಳು. ಈ ಊರಲ್ಲಿ ಕಾರಿಲ್ಲ, ಬಸ್ಸಿಲ್ಲ. ಆರನೇ ವಯಸ್ಸಿಗೆ ಅಲ್ವಿಸೆ ಒಬ್ಬನೇ ಶಾಲೆಗೆ ಹೋಗುತ್ತಿದ್ದ. ಇವಳಿಗೆ ಎಂಟು ತುಂಬಿದೆ. ಬೇಪಿ ಆಗಲೇ ಲೋಟ ತುಂಬಿಸಿದ್ದ.

"ನೇರ ಹೋಗು" ಎಂದ ಅಲ್ವಿಸೆ. "ಸಿಂಹದ ಹತ್ರ ನಿಂತಿರು. ಒಂದು ಗುಟುಕು ಕುಡಿದು ಬಂದುಬಿಡ್ತೀನಿ."

ಆ ಊರಲ್ಲಿ ಯಾರಿಗೆ ಯಾವ ದಾರಿ ಕೇಳಿದರೂ ಸಿಗುವ ಉತ್ತರ ಅದೊಂದೇ. ಆ ನೇರದೊಳಗೆ ಎರಡು ಸೇತುವೆ, ಮೂರು ತಿರುವು ಇದ್ದರೂ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ತಿರುವುಗಳು ಅವರ ಕಾಲಿಗೆ ಗೊತ್ತು, ಬಾಯಿಗೆ ಬರುವುದಿಲ್ಲ.

ನೀಲಿ ಉಣ್ಣೆ ಟೋಪಿ ಓಣಿಯ ಬಾಯಿಯಲ್ಲಿ ಒಮ್ಮೆ ಕಂಡು ಅಳಿಸಿಹೋಯಿತು.

ಲೋಟ ಮುಗಿಸಿ ಅಲ್ವಿಸೆ ಹೊರಟ. ಕಾಲುಗಳು ಮಾತೆ ಮರಿಯಮ್ಮನ ಪ್ರತಿಮೆಯಿಟ್ಟ ಗೋಡೆಯ ಗೂಡಿನ ಬಳಿ ತಾವಾಗಿ ಎಡಕ್ಕೆ ತಿರುಗಿ ಅವನನ್ನು ಹೆಬ್ಬಾಗಿಲಿಗೆ ತಂದು ನಿಲ್ಲಿಸಿದವು. ಸಿಂಹಗಳ ಮೈ ಒದ್ದೆಯಾಗಿತ್ತು. ಅಲ್ಲಿ ಯಾರೂ ಇರಲಿಲ್ಲ. ಹೆಸರು ಹಿಡಿದು ಕರೆದ. ಮಂಜು ಆ ಸದ್ದನ್ನು ಹತ್ತು ಅಡಿ ಆಚೆಗೂ ಬಿಡಲಿಲ್ಲ.

ಬಂದ ದಾರಿಯಲ್ಲೇ ಓಡಿದ. ಗೂಡಿನ ಹತ್ತಿರ ತರಕಾರಿಯ ಗಾಡಿ ಎಳೆದುಕೊಂಡು ಒಬ್ಬ ಮುದುಕಿ ಬರುತ್ತಿದ್ದಳು.

"ನೀಲಿ ಟೋಪಿ ಹುಡುಗೀನ? ಸಿಂಹ ಎಲ್ಲಿ ಅಂತ ಕೇಳಿದ್ಲಪ್ಪ, ಪಾಪ. ನೇರ ಹೋಗು ಮಗಳೇ ಅಂದೆ."

ಅಲ್ವಿಸೆ ಮುಂದಿನ ಓಣಿಯನ್ನು ನೋಡಿದ. ನೇರ ಹೋದರೆ ಅದು ಎಲ್ಲಿ ಮುಗಿಯುತ್ತದೆ ಎಂದು ಅವನು ಹುಟ್ಟಿದಾಗಿನಿಂದ ಬಲ್ಲ. ಅಲ್ಲಿ ತಡೆಗೋಡೆಯಿಲ್ಲ, ದೀಪವಿಲ್ಲ. ಕಲ್ಲಿನ ಮೆಟ್ಟಿಲುಗಳು ಸೀದಾ ಕಾಲುವೆಗೆ ಇಳಿಯುತ್ತವೆ. ಈ ಹೊತ್ತಿನಲ್ಲಿ ಸಮುದ್ರದ ನೀರು ಏರುತ್ತಿರುತ್ತದೆ.

ಕೊನೆಯ ಮನೆ ದಾಟಿದಾಗ ಟೋಪಿ ಕಂಡಿತು. ತೆಕ್ಲಾ ಅವನಿಗೆ ಬೆನ್ನು ಮಾಡಿ, ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ನಿಂತಿದ್ದಳು. ನೀರು ಅವಳ ಷೂಗಳನ್ನು ಮುಟ್ಟುತ್ತಿತ್ತು. ಕೂಗಿದರೆ ತಿರುಗುತ್ತಾಳೆ. ತಿರುಗಿದರೆ ಜಾರುತ್ತಾಳೆ. ಆ ಪಾಚಿಯ ಮೇಲೆ ದೊಡ್ಡವರೇ ಬಿದ್ದದ್ದನ್ನು ಅವನು ಕೆಲಸದಲ್ಲಿ ಎಷ್ಟೋ ಸಲ ಕಂಡಿದ್ದ.

ಮಂಜಿನೊಳಗೆ ಎಲ್ಲೋ ಒಂದು ಮೋಟಾರು ದೋಣಿ ಹಾದುಹೋಯಿತು. ದೋಣಿ ಹೋದ ಮೇಲೆ ಅಲೆ ಬರುತ್ತದೆ. ಅಲ್ವಿಸೆ ಷೂ ಕಳಚಿ, ಉಸಿರು ಹಿಡಿದು, ಕಾಲುಚೀಲದಲ್ಲಿ ಒಂದೊಂದೇ ಮೆಟ್ಟಿಲಿಳಿದ. ಜಾಕೆಟ್ಟಿನ ಕಾಲರು ಕೈಗೆ ಸಿಗುವುದಕ್ಕೂ ಅಲೆ ಮೆಟ್ಟಿಲೇರುವುದಕ್ಕೂ ಸರಿಹೋಯಿತು. ಮೊಣಕಾಲ ತನಕ ತಣ್ಣೀರು ಬಡಿದು, ಅವಳ ಕಾಲಡಿಯ ಕಲ್ಲನ್ನು ಮುಚ್ಚಿ, ಹಿಂದಕ್ಕೆ ಸರಿಯಿತು.

ಮೇಲೆ ಗೋಡೆಗೊರಗಿ ಕೂತ ಮೇಲೂ ಅವಳು ಅಳಲಿಲ್ಲ.

"ಅಪ್ಪ, ನೀನೂ ನೇರ ಅಂದೆ, ಆ ಅಜ್ಜಿನೂ ನೇರ ಅಂದ್ರು. ಆಚೆ ದಡದಲ್ಲಿ ದಾರಿ ಇದೆಯೇನೋ, ಮಂಜು ಹೋದ್ರೆ ಕಾಣುತ್ತೆ ಅಂತ ಕಾಯ್ತಿದ್ದೆ." ಒದ್ದೆ ಷೂ ಕಳಚುತ್ತ ಸೇರಿಸಿದಳು. "ಇನ್ನೊಂದು ಮೆಟ್ಟಿಲು ಇಳಿಯೋಣ ಅಂತಿದ್ದೆ."

ಅಲ್ವಿಸೆ ಅವಳ ಷೂಗಳಿಂದ ನೀರು ಚೆಲ್ಲಿ, ತನ್ನ ಮಫ್ಲರಿನಿಂದ ಪಾದ ಒರೆಸಿದ. ಅಮ್ಮನಿಗೆ ಹೇಳಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಲೊರೆಡಾನಾ. ಅವನು ಎತ್ತುವ ಮೊದಲೇ ತೆಕ್ಲಾ ಕೈಚಾಚಿ ತೆಗೆದುಕೊಂಡಳು.

ಆ ಕಡೆಯಿಂದ ಬಹಳ ಪ್ರಶ್ನೆಗಳು ಬಂದವು. ತೆಕ್ಲಾ ತನ್ನ ಬರಿಗಾಲನ್ನೇ ನೋಡುತ್ತ ಕೇಳಿಸಿಕೊಂಡಳು.

"ಮಂಜು ಅಮ್ಮ" ಎಂದಳು ಕೊನೆಗೆ. "ಏನೂ ಕಾಣ್ಲಿಲ್ಲ."

ಫೋನನ್ನು ಅವನ ಮುಖ ನೋಡದೆ ಹಿಂತಿರುಗಿಸಿದಳು. ಮುಂದಿನ ಶನಿವಾರದ ವಿಷಯ ಅವನು ಎತ್ತಲಿಲ್ಲ.

ಒದ್ದೆ ಷೂ ಹಾಕಿಕೊಂಡು ಇಬ್ಬರೂ ಸಿಂಹಗಳ ಕಡೆ ಹೊರಟರು. ಅವನು ಕೈ ಚಾಚಿದ. ಅವಳ ಕೈ ಜೇಬಿನಿಂದ ಹೊರಗೆ ಬರಲಿಲ್ಲ. ತಿರುವಿನಲ್ಲಿ ಅವನು ಬಲಕ್ಕೆ ತೋರಿಸಿದಾಗ ತೆಕ್ಲಾ ನಿಂತಳು. ಕತ್ತು ಮುಂದೆ ಚಾಚಿ, ಮಂಜಿನಲ್ಲಿ ಕಂಡಷ್ಟು ದೂರ ಓಣಿಯನ್ನು ನೋಡಿದಳು. ಆಮೇಲೆ ಜೇಬಿನಿಂದ ಕೈ ತೆಗೆದು ಗೋಡೆಗೆ ಒತ್ತಿಕೊಂಡು, ಷೂ ತುದಿಯಿಂದ ಮುಂದಿನ ಕಲ್ಲನ್ನು ತಟ್ಟಿ ನೋಡಿ, ಹೆಜ್ಜೆ ಇಟ್ಟಳು.